ಯಾವ ಕಿಣ್ಣಿ? ಯಾವ ನೊಣ?

"ನೊಣಕ್ಕೂ ಹೆಸರಾ? ಬೇರೆ ಕೆಲಸ ಇಲ್ವಾ ನಿಮಗೆ?" ಅನ್ನೋರಿಗೆ ಈ ಬರಹ. ಹೂವಿನ ಮೇಲೆ ಕೂತ ನೊಣದ ಫೋಟೋ ತೆಗೆದು ಐದೇ ನಿಮಿಷದಲ್ಲಿ ಅದಕ್ಕೊಂದು ಪೂರ್ತಿ ಲ್ಯಾಟಿನ್ ಹೆಸರು ಅಂಟಿಸೋರಿಗೂ ಇದೇ ಬರಹ. ಇಬ್ಬರ ಮೇಲೂ ನನಗೆ ಸಿಟ್ಟಿದೆ. ಎರಡನೆಯವರ ಮೇಲೆ ಸ್ವಲ್ಪ ಜಾಸ್ತಿ, ಯಾಕಂದ್ರೆ ಅವರು ನಮ್ಮವರೇ, ಬ್ಲಾಗಿಗರು :)

ಮೊದಲು ಮೊದಲನೆಯವರ ಲೆಕ್ಕ ಮುಗಿಸೋಣ.

ನಮ್ಮ ಊರು ಕಿಣ್ಣಿ ಸುಲ್ತಾನ, ಆಳಂದ ತಾಲ್ಲೂಕು. ಕಲಬುರಗಿಯಲ್ಲಿ ನಿಂತು ಬರೀ "ಕಿಣ್ಣಿ" ಅಂದ್ರೆ "ಯಾವ ಕಿಣ್ಣಿ ರೀ?" ಅಂತಾರೆ. ಹುಮನಾಬಾದ್ ರಸ್ತೆಯಲ್ಲಿ ಕಿಣ್ಣಿ ಸಡಕ್ ಅಂತ ಇನ್ನೊಂದಿದೆ. ಎರಡನೇ ಪದ ಹೇಳದಿದ್ರೆ ಇಳಿಯೋದು ಬೇರೆ ಊರಲ್ಲಿ. 1758ರಲ್ಲಿ ಲಿನೇಯಸ್ ಪ್ರಾಣಿಗಳಿಗೆಲ್ಲ ಮಾಡಿದ್ದು ಇಷ್ಟೇ: ಮೊದಲ ಪದ ಕುಲ, ಎರಡೂ ಸೇರಿದರೆ ಪ್ರಭೇದ. ಇದರಲ್ಲಿ ಇಂಗ್ಲಿಷ್ ವ್ಯಾಮೋಹ ಎಲ್ಲಿಂದ ಬಂತು? ನಮ್ಮ ಹಿರಿಯರು ಊರಿಗೆ ಮಾಡಿದ್ದನ್ನೇ ಅವನು ಹುಳಕ್ಕೆ ಮಾಡಿದ.

ಈಗ ಹೊಲಕ್ಕೆ ಬನ್ನಿ. ಹೂವಿಗೆ ಬರೋ ಚಿಕ್ಕ ನೊಣಗಳಲ್ಲಿ ಮೂರನ್ನು ಮಾತ್ರ ಹೇಳ್ತೀನಿ.

ಒಂದು, ಜೋಳದ ಮಿಡ್ಜ್. ಎರಡು ಮಿಲಿಮೀಟರ್ ಆಸುಪಾಸಿನ ಕಿತ್ತಳೆ ಬಣ್ಣದ ನೊಣ. ಹೂಬಿಟ್ಟ ತೆನೆಯಲ್ಲಿ ಮೊಟ್ಟೆ ಇಡುತ್ತೆ, ಮರಿ ಒಳಗೇ ಎಳೆಕಾಳನ್ನು ಹೀರುತ್ತೆ, ತೆನೆ ಜೊಳ್ಳಾಗುತ್ತೆ. ಎರಡು, ಕುಸುಬಿ ನೊಣ. ರೆಕ್ಕೆ ಮೇಲೆ ಚುಕ್ಕೆ ಚುಕ್ಕೆ. ಇದರ ಮರಿ ಕುಸುಬಿ ಹೂಗೊಂಡೆಯ ಒಳಗೆ ಕೂತು ತಿನ್ನುತ್ತೆ. ಮೂರನೆಯದು ಪ್ಯಾರಾಗಸ್, ಸಿರ್ಫಿಡ್ ಕುಟುಂಬದ್ದು. ಅಕ್ಕಿಕಾಳಿನಷ್ಟು ಉದ್ದ, ಹಳದಿ ಮುಖ, ಕರಿ ಬೆನ್ನು, ಕೆಲವಕ್ಕೆ ಕೆಂಪು ಹೊಟ್ಟೆ. ದೊಡ್ಡದು ಕುಡಿಯೋದು ಮಕರಂದ, ಪರಾಗ. ಕಾಲಿಲ್ಲದ ಅದರ ಮರಿ ಹೇನಿನ ಗುಂಪಿನ ನಡುವೆಯೇ ಹರಿದಾಡಿ ಹೇನು ತಿಂದು ಬೆಳೆಯುತ್ತೆ. ಅಲಸಂದಿ ಬೆಳೆದವರಿಗೆ ಹೇನು ಅಂದ್ರೆ ಏನು ಅಂತ ನಾನು ಹೇಳಬೇಕಿಲ್ಲ.

ಇಬ್ಬರು ಕಳ್ಳರು, ಒಬ್ಬ ಕಾವಲುಗಾರ. ಮೂವರಿಗೂ ನಮ್ಮ ಬಾಯಲ್ಲಿ ಒಂದೇ ಹೆಸರು: ನೊಣ. ಇಲ್ಲಾಂದ್ರೆ ಹುಳ. ಇದರ ಮೇಲೆ ನಾವು ಜೇನಿಗೂ "ಜೇನುನೊಣ" ಅಂತೀವಿ! ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಹಿಂದಿನ ಜೋಡಿ ಸವೆದು ಗುಂಡುಸೂಜಿ ತಲೆಯಂಥ ಎರಡು ಗುಬುಟು ಉಳಿದಿರುತ್ತೆ. ಸಿರ್ಫಿಡ್‌ಗಳಲ್ಲಿ ಎಷ್ಟೋ ಜೇನಿನಂತೆ, ಕಣಜದಂತೆ ವೇಷ ಹಾಕಿದವು. ಕೊಂಡಿ ಇಲ್ಲ, ಬರೀ ಬೆದರಿಕೆ.

ಹೂವಿನಲ್ಲಿ ಹುಳ ಇದೆ ಅಂತ ಔಷಧಿ ಅಂಗಡಿಗೆ ಹೋದರೆ ಸಿಗೋ ಸಲಹೆ ಏನು? ನಾನೇ ನಿಂತು ಕೇಳಿದ್ದು: "ಹೂವಿನಾಗ ಹುಳ ಅದಾವೇನ್ರಿ? ಇದೊಂದು ಡಬ್ಬಿ ಒಯ್ರಿ, ಎಲ್ಲಾ ಸಾಯ್ತಾವ." ಎಲ್ಲಾ! ಆ ಒಂದು ಪದದಲ್ಲೇ ಇದೆ ನೋಡಿ ಅನಾಹುತ. ಜೊತೆಗೆ ಕಾವಲುಗಾರನೂ ಸತ್ತ. ಹೇನು ಬೇಗ ಮತ್ತೆ ಹುಟ್ಟುತ್ತೆ, ಗಂಡಿನ ಹಂಗಿಲ್ಲದೆ ಮರಿ ಹಾಕೋ ಜಾತಿ ಅದು. ಅದನ್ನು ತಿನ್ನೋದು ಅಷ್ಟು ಬೇಗ ವಾಪಸ್ ಬರಲ್ಲ. ಆಮೇಲೆ ಎರಡನೇ ಡಬ್ಬಿ. ರೊಕ್ಕ ಯಾರದು? ರೈತಂದು. ಆದ್ದರಿಂದ "ನೊಣಕ್ಕೂ ಹೆಸರಾ" ಅನ್ನೋರೇ, ಹೌದು, ನೊಣಕ್ಕೂ ಹೆಸರು ಬೇಕು. ಅದು ಡಬ್ಬಿಯ ರೇಟಿಗೆ ಸಂಬಂಧಪಟ್ಟ ವಿಷಯ.

ಇನ್ನು ನಮ್ಮವರ ಸರದಿ.

ಮೊಬೈಲಿನ ಆಪ್ ಫೋಟೋ ನೋಡಿ ಒಂದು ಹೆಸರು ಸೂಚಿಸುತ್ತೆ. ಸೂಚಿಸುತ್ತೆ, ಅಷ್ಟೇ. ನೀವು ಅದನ್ನು ತೀರ್ಪು ಅಂತ ಬರೆದು ಪ್ರಕಟಿಸ್ತೀರಿ: "ಪ್ಯಾರಾಗಸ್ ಸೆರ್ರೇಟಸ್, ನಮ್ಮ ಹಿತ್ತಲಲ್ಲಿ." ಸ್ವಾಮಿ, ಹೇಗೆ ಗೊತ್ತಾಯ್ತು?

ಈ ಹೆಸರಿನ ಕತೆ ಕೇಳಿ. ಫ್ಯಾಬ್ರಿಸಿಯಸ್ ಇದನ್ನು ಹೆಸರಿಸಿದ್ದು 1805ರಲ್ಲಿ. ಎದೆಯ ಹಿಂತುದಿಯಲ್ಲಿರೋ ಪುಟ್ಟ ಫಲಕದ ಅಂಚಿಗೆ ಗರಗಸದಂತೆ ಹಲ್ಲು, ಅದಕ್ಕೇ ಸೆರ್ರೇಟಸ್. ಹಲ್ಲು ಕಂಡವರೆಲ್ಲ ಸೆರ್ರೇಟಸ್ ಅಂದರು. 1954ರಲ್ಲಿ ಬ್ರಿಯಾನ್ ಸ್ಟಕನ್‌ಬರ್ಗ್ ಕೂತು ಈ ಗುಂಪನ್ನು ಬಿಡಿಸಿ ನೋಡಿದರೆ ಒಂದೇ ಹೆಸರಿನ ಕೆಳಗೆ ಹಲವು ಪ್ರಭೇದಗಳು! ಯೆರ್ಬುರಿಯೆನ್ಸಿಸ್ ಅನ್ನೋದು ಅವರು ಹೊಸದಾಗಿ ಇಟ್ಟ ಹೆಸರುಗಳಲ್ಲೊಂದು. ಕ್ರೆನ್ಯುಲೇಟಸ್‌ಗೂ ಹಲ್ಲಿದೆ. ಇವುಗಳನ್ನು ಖಚಿತವಾಗಿ ಬೇರ್ಪಡಿಸೋಕೆ ಗಂಡು ನೊಣದ ಹೊಟ್ಟೆಯ ತುದಿಯನ್ನು ಕ್ಷಾರದಲ್ಲಿಟ್ಟು ತಿಳಿಮಾಡಿ, ಜನನಾಂಗದ ಆಕಾರವನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಹೆಣ್ಣು ಸಿಕ್ಕರೆ ಎಷ್ಟೋ ಸಲ ಪರಿಣತರೂ ಕೈಚೆಲ್ಲುತ್ತಾರೆ. ಗಾಳಿಗೆ ಅಲ್ಲಾಡೋ ಹೂವಿನ ಮೇಲೆ ತೆಗೆದ ನಿಮ್ಮ ಫೋಟೋದಲ್ಲಿ ಇದೆಲ್ಲ ಕಂಡಿತಾ?

"ರೈತನಿಗೆ ಸಿರ್ಫಿಡ್ ಅಂತ ಗೊತ್ತಾದ್ರೆ ಸಾಕಲ್ಲ, ಪ್ರಭೇದ ಯಾಕೆ?" ಅಂತ ಕೇಳಬಹುದು. ಕೈಲಿದ್ದ ಪಂಪು ಕೆಳಗಿಡೋಕೆ ಅಷ್ಟು ಸಾಕು, ಒಪ್ಪಿದೆ. ಆದರೆ ಯಾವುದು ಯಾವ ಬೆಳೆಯ ಹೇನು ತಿನ್ನುತ್ತೆ, ಯಾವ ತಿಂಗಳಲ್ಲಿ, ಎಲ್ಲಿ ಅನ್ನೋಕೆ ಪ್ರಭೇದವೇ ಬೇಕು. 1992ರಲ್ಲಿ ನಮ್ಮ ಕುಮಾರ್ ಘೋರ್ಪಡೆ ಮತ್ತು ಅಮೆರಿಕದ ಕ್ರಿಸ್ ಥಾಂಪ್ಸನ್ ಸೇರಿ 'ಕೋಲ್ಮೇನಿಯಾ' ಪತ್ರಿಕೆಯಲ್ಲಿ ಕಾಫಿ ಹೇನು ತಿನ್ನೋ ಒಂದು ಹೊಸ ಪ್ಯಾರಾಗಸ್ಸನ್ನು ವಿವರಿಸಿದರು. ಅದನ್ನೂ ಯಾರೋ ಹತ್ತಿರದ ಹಳೇ ಹೆಸರಿಗೆ ಸೇರಿಸಿ ಮುಗಿಸಿದ್ದರೆ? ತಪ್ಪು ಹೆಸರು ಸುಮ್ಮನೆ ಕೂರಲ್ಲ ಕಣ್ರೀ. ನಿಮ್ಮ ಪುಟದಿಂದ ಇನ್ನೊಬ್ಬರ ಪುಟಕ್ಕೆ, ಅಲ್ಲಿಂದ ಯಾವುದೋ ವಿದ್ಯಾರ್ಥಿಯ ಪ್ರಾಜೆಕ್ಟಿಗೆ, ಅಲ್ಲಿಂದ ಜಿಲ್ಲೆಯ ಕೀಟಪಟ್ಟಿಗೆ. ಗೊತ್ತಿಲ್ಲದ ಜಾಗ ಖಾಲಿ ಇದ್ದರೆ ಯಾರಾದ್ರೂ ಹುಡುಕ್ತಾರೆ. ಸುಳ್ಳು ಹೆಸರಿಂದ ತುಂಬಿದ್ರೆ ಯಾರೂ ಆ ಕಡೆ ತಿರುಗಿ ನೋಡಲ್ಲ.

ಹಾಗಂತ "ನಾವು ವಿಜ್ಞಾನಿಗಳಲ್ಲ" ಅಂತ ಜಾರಿಕೊಳ್ಳೋದೂ ಬೇಡ. 1923ರಲ್ಲಿ ಭಾರತದ ಸಿರ್ಫಿಡ್‌ಗಳ ಬಗ್ಗೆ 'ಫಾನಾ ಆಫ್ ಬ್ರಿಟಿಷ್ ಇಂಡಿಯಾ' ಸರಣಿಯ ಸಂಪುಟ ಬರೆದ ಬ್ರುನೆಟ್ಟಿ ಸಂಗೀತಗಾರ. ಸಂಗೀತಗಾರನಿಗೆ ಆಗಿದ್ದು ನಮಗೆ ಆಗಲ್ವಾ?

ಕಂಡಷ್ಟು ಹೇಳಿ. ಎರಡೇ ರೆಕ್ಕೆ ಕಂಡ್ರೆ "ನೊಣ". ಗಾಳಿಯಲ್ಲಿ ನಿಂತಲ್ಲೇ ನಿಂತು, ಹಳದಿ ಮುಖ ತೋರಿಸಿದ್ರೆ "ಬಹುಶಃ ಸಿರ್ಫಿಡ್". ಫಲಕದ ಅಂಚು ಸ್ಪಷ್ಟ ಇದ್ರೆ "ಪ್ಯಾರಾಗಸ್, ಹಲ್ಲಿನ ಗುಂಪು". ಅಲ್ಲಿಗೆ ನಿಲ್ಲಿಸಿ. ಊರು, ತಾರೀಕು, ಯಾವ ಹೂವು, ಪಕ್ಕದಲ್ಲಿ ಹೇನು ಇತ್ತಾ, ಇಷ್ಟು ಬರೆದ್ರೆ ನಿಮ್ಮ ಫೋಟೋ ನಾಳೆ ಒಬ್ಬ ಪರಿಣತನಿಗೆ ಉಪಯೋಗಕ್ಕೆ ಬರುತ್ತೆ. ಮುಂದಕ್ಕೆ ತಿಳಿಯಬೇಕಾದ್ರೆ ಕಲಬುರಗಿಯ ಆಳಂದ ರಸ್ತೆಯಲ್ಲಿ ಕೃಷಿ ಸಂಶೋಧನಾ ಕೇಂದ್ರ ಇದೆ, ಬೆಂಗಳೂರಿನಲ್ಲಿ ಕೃಷಿ ಕೀಟಗಳಿಗೇ ಮೀಸಲಾದ ರಾಷ್ಟ್ರೀಯ ಬ್ಯೂರೋ ಇದೆ. ಕೇಳೋಕೆ ನಾಚಿಕೆ ಯಾಕೆ?

ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೊಲ ಇರೋರು ಈ ಸಲ ಹೂವಿನ ಹೊತ್ತಿಗೆ ಪಂಪು ಹೆಗಲಿಗೆ ಏರಿಸೋ ಮುಂಚೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಕಂಡದ್ದನ್ನು ಕನ್ನಡದಲ್ಲೇ ಬರೆಯಿರಿ. ಹೆಸರು ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತಲೇ ಬರೆಯಿರಿ, ನಾನಂತೂ ಓದ್ತೀನಿ. ಜಗಳ ಆಡೋರಿಗೂ ಸ್ವಾಗತ, ಆದ್ರೆ ಫಲಕದ ಅಂಚು ಕಾಣೋ ಫೋಟೋ ತಂದು ಜಗಳ ಆಡಿ :)