ಗೆದ್ದವ ಸೋತ, ಸೋತವ ಸತ್ತ

ಕೋರ್ಟು ಕಚೇರಿ ಅಲೆದು ಚಪ್ಪಲಿ ಸವೆಸಿದವರು ಹೇಳುವ ಗಾದೆ ಇದು. ಆದರೆ ಈ ಮಾತು ಕೋರ್ಟಿಗಿಂತಲೂ ಚೆನ್ನಾಗಿ ಒಪ್ಪುವ ಜಾಗ ಇನ್ನೊಂದಿದೆ. ಅದು ಬಾಕ್ಸಿಂಗ್ ರಿಂಗ್.

ಬಸ್‌ಸ್ಟ್ಯಾಂಡ್ ಎದುರಿನ ಸಲೂನಿಗೆ ಭಾನುವಾರ ಹೋದವರಿಗೆ ಗೊತ್ತು, ಅಲ್ಲಿ ಕ್ಷೌರಕ್ಕಿಂತ ಚರ್ಚೆ ಜಾಸ್ತಿ. ಮೊನ್ನೆ ಸರದಿ ಕಾಯುತ್ತಾ ಕೂತಿದ್ದ ಹುಡುಗನೊಬ್ಬ ಮೊಬೈಲಿನಲ್ಲಿ ಹಳೇ ಬಾಕ್ಸಿಂಗ್ ಹಾಕಿದ. ಮಹಮದ್ ಅಲಿ ಮತ್ತು ಲ್ಯಾರಿ ಹೋಮ್ಸ್. 1980ರ ಅಕ್ಟೋಬರ್ 2, ಅಮೆರಿಕದ ಲಾಸ್ ವೇಗಾಸ್. ಅಷ್ಟೇ, ಕಿಡಿ ಬಿತ್ತು.

ಬಟ್ಟೆ ಅಂಗಡಿ ಯಜಮಾನರು ಕುರ್ಚಿಯಿಂದಲೇ ಗುಡುಗಿದರು: ‘ದುಡ್ಡು ತಗೊಂಡು ಸುಮ್ನೆ ನಿಂತ್ಕೊಂಡ ಕಣ್ರೀ! ಒಂದೇ ಒಂದು ಏಟು ನೆಟ್ಟಗೆ ಹಾಕಿದ್ನಾ? ನಂಬಿದವರಿಗೆ ಮಾಡಿದ ಮೋಸ ಅದು.’

ಬೆಂಚಿನ ಮೇಲಿದ್ದ ನಿವೃತ್ತ ಕಂಡಕ್ಟರ್ ಬಿಡಲಿಲ್ಲ: ‘ಎಂಥ ಮೋಸ ಸ್ವಾಮಿ? ಮಾತ್ರೆ ಕೊಟ್ಟು ಮನುಷ್ಯನ ಶಕ್ತಿ ಇಳಿಸಿದ್ರು. ಇಲ್ದಿದ್ರೆ ಆ ಹೋಮ್ಸ್ ಯಾವ ಲೆಕ್ಕ?’

ಬಾಗಿಲಲ್ಲಿ ನಿಂತಿದ್ದ ಮೂರನೆಯವರದ್ದು ಮಧ್ಯದ ದಾರಿ: ‘ಬೈಯೋದೂ ಬೇಡ, ನೆಪ ಹೇಳೋದೂ ಬೇಡ. ಅದೇ ಹೋಮ್ಸ್ ಜೊತೆ ಇನ್ನೊಂದ್ ಸಲ ಬಿಟ್ಟಿದ್ರೆ ಗೆಲ್ತಿದ್ದ.’

ಕತ್ತಿ ಹಿಡಿದಿದ್ದ ಸಲೂನಿನವರು ಬಟ್ಟೆ ಅಂಗಡಿಯವರ ಗಲ್ಲ ಹಿಡಿದು ಹೇಳಿದರು: ‘ಅಲ್ಲಾಡ್ಬೇಡಿ ಯಜಮಾನ್ರೇ, ಇಲ್ಲೂ ರಕ್ತ ಬರುತ್ತೆ.’

ನಗು ಮುಗಿದರೂ ಪ್ರಶ್ನೆ ಮುಗಿಯಲಿಲ್ಲ. ಮೆಚ್ಚಿದ ಜಟ್ಟಿ ಸೋತಾಗ ಅಭಿಮಾನಿಯಾದವನು ಏನು ಮಾಡಬೇಕು? ಇದು ಈ ಊರಿನ ಸಲೂನಿನ ಜಗಳವಲ್ಲ. ಅಲಿಯನ್ನು ಪ್ರೀತಿಸಿದ ಜನ ಎಲ್ಲೆಲ್ಲಿ ಇದ್ದರೋ ಅಲ್ಲೆಲ್ಲ ನಡೆದ ಜಗಳ. ಆದ್ದರಿಂದ ಮೂರೂ ಪಕ್ಷಗಳನ್ನು ತಕ್ಕಡಿಗೆ ಹಾಕಿ ನೋಡುವುದು ಒಳ್ಳೇದು.

ಮೊದಲು ನಡೆದದ್ದೇನು ನೋಡಿ. ಅಲಿಗೆ ಆಗ 38 ವರ್ಷ. 1979ರಲ್ಲೇ ನಿವೃತ್ತಿ ಘೋಷಿಸಿದ್ದ. 1980ರ ಆರಂಭದಲ್ಲಿ ಇದೇ ದಕ್ಷಿಣ ಭಾರತದ ಮದರಾಸಿಗೆ ಬಂದು, ಮಾಜಿ ಚಾಂಪಿಯನ್ ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿ ಹೋದ. ಅದೇ ವರ್ಷ ಅಕ್ಟೋಬರಿನಲ್ಲಿ ಮತ್ತೆ ಗ್ಲೌಸ್ ತೊಟ್ಟ. 80 ಲಕ್ಷ ಡಾಲರಿನ ಕರಾರು. ನರೆತ ಕೂದಲಿಗೆ ಕಪ್ಪು ಬಳಿದು, ತೂಕ ಇಳಿಸಿ, ಹಳೇ ಫೋಟೋದಿಂದ ಎದ್ದು ಬಂದವನ ಹಾಗೆ ಕಂಡ. ‘ನಮ್ಮ ಅಲಿ ವಾಪಸ್ ಬಂದ’ ಅಂತ ಜನ ಕುಣಿದರು.

ಬಂದದ್ದು ಅಲಿಯ ಆಕಾರ ಮಾತ್ರ. ಹತ್ತು ಸುತ್ತು ನಡೆಯಿತು. ಮೂವರು ತೀರ್ಪುಗಾರರ ಚೀಟಿಯಲ್ಲೂ ಒಂದು ಸುತ್ತನ್ನೂ ಅಲಿ ಗೆದ್ದಿರಲಿಲ್ಲ. ಹೊಡೆಯುತ್ತಿದ್ದ ಹೋಮ್ಸನೇ ‘ನಿಲ್ಲಿಸಿ’ ಅನ್ನುವ ಹಾಗೆ ರೆಫರಿಯ ಮುಖ ನೋಡುತ್ತಿದ್ದ. ಹತ್ತನೇ ಸುತ್ತು ಮುಗಿದಾಗ ಅಲಿಯ ತರಬೇತುದಾರ ಆಂಜೆಲೊ ಡಂಡೀ ‘ಸಾಕು’ ಅಂದ. 61 ಪಂದ್ಯಗಳ ಬಾಳಿನಲ್ಲಿ ಅಲಿ ಸೋತದ್ದು 5. ಕೊನೆಯ ಗಂಟೆ ಕೇಳುವ ಮುಂಚೆ ಪಂದ್ಯ ನಿಂತದ್ದು ಆವತ್ತು ಮಾತ್ರ.

ಈಗ ಮೊದಲನೇ ಪಕ್ಷ, ಬೈಯುವವರದ್ದು. ಇವರ ವಾದ ನೇರ: ನಾವು ಟಿಕೆಟ್ ತೆಗೆದಿದ್ದೇವೆ, ನಂಬಿದ್ದೇವೆ, ಬೈಯುವ ಹಕ್ಕು ನಮಗಿದೆ. ಅಂಗಡಿಯವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತೆ. ಮಾಲು ಕೆಟ್ಟಿದ್ದರೆ ಗಿರಾಕಿ ಬೈಯುತ್ತಾನೆ. ಆದರೆ ಜಟ್ಟಿ ಮಾಲಲ್ಲ. ಬೈಗುಳಕ್ಕೆ ಅಳತೆಯೂ ಇರೋದಿಲ್ಲ. ಕ್ರಿಕೆಟ್ಟಿನಲ್ಲಿ ಆದದ್ದು ನೆನಪಿದೆಯಾ? 1971ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ ಮೈಸೂರಿನ ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು ಮಲಗಿಸಿದರು. ನಾಯಕ ಅಜಿತ್ ವಾಡೇಕರ್‌ಗೆ ದೇಶವೇ ಹಾರ ಹಾಕಿತು. ಇಂದೋರಿನಲ್ಲಿ ವಿಜಯದ ನೆನಪಿಗೆ ಕಾಂಕ್ರೀಟಿನ ಬ್ಯಾಟನ್ನೇ ನಿಲ್ಲಿಸಿದರು. 1974ರಲ್ಲಿ ಲಾರ್ಡ್ಸ್‌ನಲ್ಲಿ ತಂಡ 42ಕ್ಕೆ ಉರುಳಿತು, ಮೂರಕ್ಕೆ ಮೂರೂ ಟೆಸ್ಟ್ ಹೋಯಿತು. ಅದೇ ವಾಡೇಕರ್ ಮನೆಗೆ ಕಲ್ಲು ಬಿತ್ತು. ಆ ಬ್ಯಾಟನ್ನು ಜನರೇ ವಿರೂಪ ಮಾಡಿದರು. ಹಾರಕ್ಕೂ ಕಲ್ಲಿಗೂ ಮಧ್ಯೆ ಮೂರು ವರ್ಷ. ಗೆದ್ದೆತ್ತಿನ ಬಾಲ ಹಿಡಿಯುವುದು ಅಂದರೆ ಇದೇ.

ಎರಡನೇ ಪಕ್ಷ, ನೆಪ ಹೇಳುವವರದ್ದು. ಇವರ ಮಾತಿನಲ್ಲಿ ಸತ್ಯ ಇಲ್ಲದೇ ಇಲ್ಲ. ಅಲಿ ಆಗ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದ, ಅದರಿಂದ ಮೈ ಕುಗ್ಗಿತ್ತು ಅನ್ನುವುದು ಆಮೇಲೆ ಹೊರಗೆ ಬಂತು. ಸರಿ, ಒಪ್ಪೋಣ. ಆದರೆ ನೆಪದ ಹೊರೆ ಕೊನೆಗೆ ಬೀಳುವುದು ಗೆದ್ದವನ ಹೆಗಲ ಮೇಲೆ. ಈ ಹೋಮ್ಸ್ ಯಾರು? ಬಡತನದಲ್ಲಿ ಬೆಳೆದು, ಅಲಿಯ ಅಭ್ಯಾಸದ ಜೋಡಿಯಾಗಿ ದುಡಿದು, ಅವನಿಂದಲೇ ವಿದ್ಯೆ ಕಲಿತ ಹುಡುಗ. ಗೆದ್ದ ರಾತ್ರಿ ಗುರುವಿನ ಸ್ಥಿತಿ ನೋಡಿ ಅತ್ತ. ಬಾಳಿನ ಮೊದಲ ಪಂದ್ಯದಿಂದ 1985ರವರೆಗೆ ಒಂದೂ ಸೋಲಿಲ್ಲದೆ ಸಾಲಾಗಿ 48 ಪಂದ್ಯ ಗೆದ್ದ ದಾಖಲೆ ಕಟ್ಟಿದ. ಆದರೂ ಬಹಳ ಜನರಿಗೆ ಅವನು ಇವತ್ತಿಗೂ ‘ಅಲಿಯನ್ನು ಹೊಡೆದವನು’ ಅಷ್ಟೇ. ಅದಕ್ಕೂ ಮುಂಚೆ ಜೋ ಫ್ರೇಜಿಯರ್‌ಗೂ ಇದೇ ಪಾಡು. 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ಹದಿನೈದನೇ ಸುತ್ತಿನಲ್ಲಿ ಅಲಿಯನ್ನು ಕೆಡವಿ ಗೆದ್ದ. ಗೆದ್ದ ಮೇಲೆ ಅವನೇ ಆಸ್ಪತ್ರೆ ಸೇರಿದ. ಅವನೂ ಕರಿಯನೇ, ಅವನೂ ಬಡವನ ಮಗನೇ. ಅಲಿಯ ಕಡೆಯವರು ಮಾತ್ರ ಅವನನ್ನು ಬಿಳಿಯರ ಚಾಂಪಿಯನ್ ಅಂತ ಹೀಯಾಳಿಸಿದರು. ಗೆದ್ದವ ಸೋತ ಅನ್ನುವುದು ಸುಳ್ಳಲ್ಲ.

ಇನ್ನು ಮೂರನೇ ಪಕ್ಷ. ‘ಇನ್ನೊಂದ್ ಸಲ’ ಅನ್ನುವವರು. ನೋಡಲು ಇವರೇ ಸಂಭಾವಿತರು. ಬೈಯುವುದಿಲ್ಲ, ಕಲ್ಲು ಹೊಡೆಯುವುದಿಲ್ಲ, ಪ್ರೀತಿಯಿಂದಲೇ ಮಾತಾಡುತ್ತಾರೆ. ಆದರೆ ಮೂವರಲ್ಲಿ ಜಟ್ಟಿಗೆ ಹೆಚ್ಚು ಅಪಾಯ ಇವರಿಂದಲೇ. ಬೈದವನ ಮಾತು ಕಿವಿಗೆ ತಾಕಿ ನಿಲ್ಲುತ್ತೆ, ಇವರ ಮಾತು ಜಟ್ಟಿಯ ಎದೆಗೆ ಇಳಿಯುತ್ತೆ. ಅವನ ಒಳಗೂ ಅದೇ ಆಸೆ ಇರುತ್ತಲ್ಲ!

ಇನ್ನೊಂದ್ ಸಲ ಆಗಿಯೂ ಹೋಯಿತು. ಎದುರಾಳಿ ಮಾತ್ರ ಬೇರೆ. 1981ರ ಡಿಸೆಂಬರ್ 11, ಬಹಾಮಾಸ್ ದ್ವೀಪದ ನಸ್ಸಾವ್. ಎದುರಿಗೆ ಟ್ರೆವರ್ ಬರ್ಬಿಕ್. ಸುತ್ತಿಗೆ ಸುತ್ತಿಗೆ ಬಾರಿಸಲು ಸರಿಯಾದ ಗಂಟೆ ಕೂಡ ಇರಲಿಲ್ಲ. ಹಸುವಿನ ಕೊರಳಿಗೆ ಕಟ್ಟುವ ಗಂಟೆ ತಂದು ಬಾರಿಸಿದರು. ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್‌ನನ್ನು ಮಲಗಿಸಿದ ವೀರನಿಗೆ ಕೊನೆಯ ಗಂಟೆ ದನದ ಗಂಟೆ! ಹತ್ತು ಸುತ್ತಿನಲ್ಲಿ ಅಲಿ ಅಂಕದ ಮೇಲೆ ಸೋತ. ಮತ್ತೆಂದೂ ಆಡಲಿಲ್ಲ. 1984ರಲ್ಲಿ ವೈದ್ಯರು ಪಾರ್ಕಿನ್ಸನ್ ರೋಗಲಕ್ಷಣ ಅಂದರು. ಮಾತಿನ ಮಲ್ಲ ಅನ್ನಿಸಿಕೊಂಡವನ ಮಾತು ತೊದಲಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಜ್ಯೋತಿ ಹಚ್ಚುವಾಗ ಆ ಕೈ ನಡುಗುತ್ತಿದ್ದುದನ್ನು ಟಿ.ವಿ.ಯಲ್ಲಿ ಕಂಡವರು ಈ ಊರಲ್ಲೂ ಇದ್ದಾರೆ. 2016ರ ಜೂನ್ 3ರಂದು 74ನೇ ವಯಸ್ಸಿನಲ್ಲಿ ತೀರಿಕೊಂಡ. ಏಟಿನಿಂದಲೇ ಆ ಕಾಯಿಲೆ ಬಂತೇ ಅನ್ನುವುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಆದರೆ ಕೊನೆಯ ವರ್ಷಗಳಲ್ಲಿ ತಲೆಗೆ ಬಿದ್ದ ಏಟು ಅವನಿಗೆ ಒಳ್ಳೇದು ಮಾಡಿತು ಅಂತ ಯಾವ ವೈದ್ಯನೂ ಹೇಳಿಲ್ಲ.

ಹಾಗಾದರೆ ನಿಜವಾದ ಅಭಿಮಾನಿ ಯಾರು? ‘ಸಾಕು’ ಅಂದವನು. ಅಲಿಯ ವೈದ್ಯ ಫರ್ಡಿ ಪಚೇಕೊ 1977ರಲ್ಲೇ ‘ಇನ್ನು ನಿಲ್ಲಿಸು’ ಅಂದ, ಕೇಳದಿದ್ದಾಗ ಬಿಟ್ಟು ಹೋದ. ಅವತ್ತು ಅವನನ್ನು ಕೃತಘ್ನ ಅಂದವರೂ ಇರಬಹುದು, ಆದರೆ ಮಾತು ಅವನದ್ದೇ ನಿಜವಾಯಿತು. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಫ್ರೇಜಿಯರ್‌ಗೆ ಕಣ್ಣು ಮುಚ್ಚಿಹೋಗಿತ್ತು. ಉಳಿದದ್ದು ಒಂದೇ ಸುತ್ತು. ಅವನ ತರಬೇತುದಾರ ಎಡ್ಡಿ ಫಚ್ ಹದಿನಾಲ್ಕಕ್ಕೇ ನಿಲ್ಲಿಸಿದ. ಪ್ರಶಸ್ತಿ ಹೋಯಿತು, ಫ್ರೇಜಿಯರ್ ಕಾಲ ಮೇಲೆ ನಡೆದು ಮನೆಗೆ ಹೋದ. ಅಷ್ಟು ಹತ್ತಿರ ಬಂದು ಆಸೆ ಬಿಡುವುದಕ್ಕೆ ಎಷ್ಟು ಪ್ರೀತಿ ಬೇಕು, ಯೋಚನೆ ಮಾಡಿ.

ಅಮೆರಿಕದ ಮಾತು ಈ ಊರಿಗೇಕೆ ಅನ್ನಬೇಡಿ. ಜಾತ್ರೆ ಹತ್ತಿರ ಬಂದರೆ ಕುಸ್ತಿ ಕಮಿಟಿಯವರು ಕರಪತ್ರ ಅಚ್ಚು ಹಾಕಿಸುತ್ತಾರೆ. ಜನ ಸೇರಲಿ ಅಂತ ಹಳೇ ಪೈಲ್ವಾನರ ಹೆಸರು ದಪ್ಪಕ್ಷರದಲ್ಲಿ. ಮಂಡಿ ನೋವಿದ್ದರೂ, ಎರಡು ಮಕ್ಕಳು ಕಾಲೇಜಿಗೆ ಬಂದಿದ್ದರೂ, ‘ಊರಿನ ಮರ್ಯಾದೆ, ಇದೊಂದ್ ವರ್ಷ ಇಳೀರಣ್ಣ’ ಅನ್ನುವ ಒತ್ತಾಯ. ಇಪ್ಪತ್ತರ ಹುಡುಗನ ಜೊತೆ ಜೋಡಿ ಕಟ್ಟುತ್ತಾರೆ. ಬಿದ್ದರೆ ಸಿಳ್ಳೆ. ಗೆದ್ದ ಹುಡುಗನಿಗೆ ‘ಮುದುಕನ್ನ ಕೆಡವಿದ್ಯಲ್ಲೋ’ ಅನ್ನುವ ಚುಚ್ಚು ಮಾತು. ಆಮೇಲೆ ಆಸ್ಪತ್ರೆ ಖರ್ಚಿಗೆ ಕಮಿಟಿಯೂ ಇಲ್ಲ, ಸಿಳ್ಳೆ ಹೊಡೆದವನೂ ಇಲ್ಲ.

ಸಲೂನಿನ ಮೂಲೆಯಲ್ಲಿ ಕೂತಿದ್ದ ಗರಡಿಯ ಹಿರಿಯ ಉಸ್ತಾದರು ಅಷ್ಟು ಹೊತ್ತೂ ತುಟಿ ಬಿಚ್ಚಿರಲಿಲ್ಲ. ಸರದಿ ಬಂದು ಏಳುವಾಗ ಹೇಳಿದ್ದು ಇಷ್ಟೇ: ‘ಸೋತು ಬಂದವನಿಗೆ ಮೊದಲು ನೀರು ಕೊಡ್ಬೇಕಪ್ಪಾ. ಬುದ್ಧಿ ಹೇಳೋದು ಆಮೇಲೆ.’

ಕಮಿಟಿಯವರಿಗೆ ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ವಯಸ್ಸಾದ ಪೈಲ್ವಾನರನ್ನು ಕರೆಯಿರಿ, ಆದರೆ ಕಣಕ್ಕಿಳಿಸಲಿಕ್ಕಲ್ಲ. ಪೇಟ ಕಟ್ಟಿ, ಶಾಲು ಹೊದಿಸಿ, ಗೆದ್ದ ಹುಡುಗನ ಕೈಗೆ ಬೆಳ್ಳಿ ಗದೆ ಕೊಡಿಸಲಿಕ್ಕೆ. ಕುಸ್ತಿಗೆ ಇಳಿದು ಬಿದ್ದವರ ಔಷಧಿಗೆ ಟಿಕೆಟ್ ಹಣದಲ್ಲಿ ಒಂದು ಪಾಲು ಎತ್ತಿಡಿ. ಅಭಿಮಾನಿಗಳಿಗೂ ಒಂದು ಮಾತು. ಬಿದ್ದವನು ಎದ್ದು ಹೊರಡುವಾಗ ಚಪ್ಪಾಳೆ ಹಾಕಿ. ‘ಮುಂದಿನ ವರ್ಷ ನೋಡ್ಕೊಳೋಣ’ ಅನ್ನುವ ಮಾತು ನಾಲಿಗೆ ತುದಿಗೆ ಬಂದರೆ ನುಂಗಿಕೊಳ್ಳಿ.

ಗೆದ್ದವನನ್ನು ಸೋಲಿಸಬೇಡಿ. ಸೋತವನನ್ನು ಸಾಯಿಸಬೇಡಿ. ಗಾದೆ ಕೋರ್ಟಿನಲ್ಲೇ ಇರಲಿ.