ತಪ್ಪೆಲ್ಲ ಕಾರ್ಬೊರೇಟರ್‌ದೇ?

ಹಳೆಯ ಯೆಜ್ಡಿ ಬೈಕು ಸ್ಟಾರ್ಟ್ ಆಗದೆ ಮುನಿಸಿಕೊಂಡರೆ ಹೆಚ್ಚಿನವರ ಕೈ ಮೊದಲು ಹೋಗುವುದು ಕಾರ್ಬೊರೇಟರ್‌ಗೆ. ಅದು ಕಣ್ಣೆದುರಿಗೇ ಇದೆ, ತಿರುಗಿಸಲು ಸ್ಕ್ರೂಗಳಿವೆ, ತಿರುಗಿಸಿದರೆ ಎಂಜಿನ್ನಿನ ದನಿಯೂ ಬದಲಾಗುತ್ತದೆ. ಏನೋ ಮಾಡಿದೆವೆಂಬ ಸಮಾಧಾನಕ್ಕೆ ಇಷ್ಟು ಸಾಕು. ಗಾಡಿಯ ಮೂಲ ದೋಷ ಮಾತ್ರ ಹಾಗೇ ಉಳಿದು, ಅದರ ಜೊತೆಗೆ ಕೆಟ್ಟ ಸೆಟಿಂಗ್ ಎಂಬ ಇನ್ನೊಂದು ದೋಷವೂ ಸೇರಿಕೊಳ್ಳುತ್ತದೆ.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಗಾಡಿಗಳನ್ನು ಹೊರತಂದಿತು. ವಿನ್ಯಾಸ ಚೆಕೊಸ್ಲೊವಾಕಿಯಾದ್ದು, ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 250 ಸಿಸಿಯ ಜನಪ್ರಿಯ ಮಾದರಿಗೆ ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಗೇರ್ ಲಿವರನ್ನೇ ಒಳಕ್ಕೊತ್ತಿ ತಿರುಗಿಸಿದರೆ ಅದೇ ಕಿಕ್ಕರ್. (ಹೊಸಬರನ್ನು ಪೇಚಿಗೆ ಸಿಕ್ಕಿಸಲು ಇದಕ್ಕಿಂತ ಒಳ್ಳೆಯ ಉಪಾಯ ಬೇಕಿರಲಿಲ್ಲ.) ಟೂ ಸ್ಟ್ರೋಕ್ ಆದ್ದರಿಂದ ವಾಲ್ವೂ ಇಲ್ಲ, ಕ್ಯಾಮ್‌ಶಾಫ್ಟೂ ಇಲ್ಲ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಇಷ್ಟೇ ಎಂಜಿನ್ನಿನಲ್ಲಿ ಓಡಾಡುವ ಮುಖ್ಯ ಭಾಗಗಳು. ಮನೆಯಂಗಳದಲ್ಲಿ ಬಿಚ್ಚಿ ಜೋಡಿಸಲು ಹೇಳಿ ಮಾಡಿಸಿದ ಯಂತ್ರ. ಆದರೆ ಇಂಥ ಸರಳ ಯಂತ್ರದಲ್ಲೂ ಕಾಯಿಲೆ ಒಂದು ಕಡೆ ಇದ್ದು ಲಕ್ಷಣ ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತದೆ.

ಬೆಳಗ್ಗೆ ಒಂದೇ ಕಿಕ್ಕಿಗೆ ಎದ್ದ ಗಾಡಿ ಕೆಲವು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಆಫ್ ಆಗುತ್ತದೆ. ಮರದಡಿ ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಪೆಟ್ರೋಲ್ ಸರಿಯಾಗಿ ಇಳಿಯುತ್ತಿಲ್ಲವೆಂದು ತೀರ್ಪು ಕೊಟ್ಟು ಪೈಪು, ಫಿಲ್ಟರು, ಜೆಟ್ಟು ಎಲ್ಲವನ್ನೂ ತೊಳೆಯುವುದು ವಾಡಿಕೆ. ಅನೇಕ ಸಲ ಅಪರಾಧಿ ಬೆರಳುದ್ದದ ಕಂಡೆನ್ಸರ್, ಇಲ್ಲವೇ ಇಗ್ನಿಷನ್ ಕಾಯಿಲ್. ಬಿಸಿಯಾದಾಗ ಒಳಗಿನ ನಿರೋಧಕ ಪದರ ಸೋತು ಕಿಡಿ ಬಡವಾಗುತ್ತದೆ, ತಣ್ಣಗಾದರೆ ಚೇತರಿಸಿಕೊಳ್ಳುತ್ತದೆ. ಕವರ್ ತೆಗೆದು, ಎಂಜಿನ್ ಓಡುವಾಗ ಪಾಯಿಂಟುಗಳ ನಡುವೆ ದಪ್ಪ ಹಳದಿ ಕಿಡಿ ಹಾರುತ್ತಿದೆಯೇ ಎಂದು ನೋಡಿದರೆ ಕಂಡೆನ್ಸರ್‌ನ ಬಂಡವಾಳ ಬಯಲಾಗುತ್ತದೆ.

ಪಾಯಿಂಟಿನ ವಿಷಯದಲ್ಲಿ ಕ್ರಮ ತಪ್ಪಬಾರದು. ಫೀಲರ್ ಗೇಜ್ ತೂರಿಸಿ ಅಂತರವನ್ನು ಸುಮಾರು 0.4 ಮಿ.ಮೀ.ಗೆ ಹೊಂದಿಸುವುದು ಮೊದಲು, ಟೈಮಿಂಗ್ ಆಮೇಲೆ. ಅಂತರ ಬದಲಾದರೆ ಪಾಯಿಂಟ್ ತೆರೆಯುವ ಗಳಿಗೆಯೇ ಬದಲಾಗುತ್ತದೆ. ಟೈಮಿಂಗ್ ಇಟ್ಟ ಮೇಲೆ ಅಂತರಕ್ಕೆ ಕೈ ಹಾಕಿದರೆ ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಪಿಸ್ಟನ್ ಮೇಲಿನ ತುದಿ ಮುಟ್ಟಲು ಮೂರು ಮಿಲಿಮೀಟರ್ ಆಸುಪಾಸು ಇರುವಾಗ ಕಿಡಿ ಹಾರಬೇಕು. ನಿಖರ ಅಳತೆ ಆಯಾ ಮಾದರಿಯ ಕೈಪಿಡಿಯಲ್ಲಿರುತ್ತದೆ. ಪ್ಲಗ್ಗಿನ ತೂತಿಗೆ ಡಯಲ್ ಗೇಜ್ ಕೂರಿಸಿ ಅಳೆಯುವುದು ಶಾಸ್ತ್ರೀಯ ವಿಧಾನ. ಪಾಯಿಂಟ್ ತೆರೆಯುವ ಕ್ಷಣ ಹಿಡಿಯಲು ಅಲ್ಲೊಂದು ಸಿಗರೇಟ್ ಹಾಳೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿರುವುದು ಮೆಕ್ಯಾನಿಕ್‌ಗಳ ವಿಧಾನ. ಹಾಳೆ ಸಡಿಲವಾಗಿ ಜಾರಿದಾಗ ಪಾಯಿಂಟ್ ತೆರೆಯಿತೆಂದು ಅರ್ಥ. ಎರಡನೆಯದನ್ನು ಹಗುರವಾಗಿ ನೋಡಬೇಕಿಲ್ಲ.

ಪ್ಲಗ್ ಕಳಚಿ ನೋಡುವ ಅಭ್ಯಾಸ ಇಂದಿನ ಸವಾರರಿಗೆ ತಪ್ಪಿಹೋಗಿದೆ. ಆಗ ನಮ್ಮ ಕಡೆ ಪ್ಲಗ್ ಅಂದರೆ ಮೈಕೋ. 1951ರಲ್ಲಿ ಶುರುವಾದ, ಬೆಂಗಳೂರಿನ ಆಡುಗೋಡಿಯ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು. ಪ್ಲಗ್ಗಿನ ತುದಿ ಕಾಫಿಪುಡಿಯ ಬಣ್ಣದಲ್ಲಿದ್ದರೆ ಉರಿ ಹದವಾಗಿದೆ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು. ಬೂದಿಯಂತೆ ಬಿಳಿಚಿದ್ದರೆ ಗಾಳಿ ಹೆಚ್ಚು, ಇಲ್ಲವೇ ಟೈಮಿಂಗ್ ಮುಂದೆ ಹೋಗಿದೆ. ಎಣ್ಣೆಯಲ್ಲಿ ಅದ್ದಿ ತೆಗೆದಂತಿದ್ದರೆ ಪೆಟ್ರೋಲಿಗೆ ಬೆರೆಸಿದ ಆಯಿಲ್ ಜಾಸ್ತಿಯಾಯಿತೆಂದು ಸುಮ್ಮನಾಗುವಂತಿಲ್ಲ. ಅದು ಸೀಲಿನ ಕಥೆಯಿರಬಹುದು.

ಟೂ ಸ್ಟ್ರೋಕ್ ಎಂಜಿನ್ ಉಸಿರಾಡುವುದು ಕ್ರ್ಯಾಂಕ್‌ಕೇಸಿನ ಮೂಲಕ. ಪಿಸ್ಟನ್ ಮೇಲೇರಿದಾಗ ಪೆಟ್ರೋಲ್ ಬೆರೆತ ಗಾಳಿ ಕೆಳಗಿನ ಕೋಣೆಗೆ ಬರುತ್ತದೆ, ಇಳಿದಾಗ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ನುಗ್ಗುತ್ತದೆ. ಈ ಕೋಣೆಯನ್ನು ಬಿಗಿಯಾಗಿಡುವವು ಕ್ರ್ಯಾಂಕಿನ ಎರಡೂ ತುದಿಯ ರಬ್ಬರ್ ಸೀಲುಗಳು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅವು ಒಣಗಿ ಕಲ್ಲಾಗಿರುತ್ತವೆ. ಎಡಗಡೆ, ಪ್ರೈಮರಿ ಚೈನ್ ಇರುವ ಪಕ್ಕದ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲನ್ನೇ ಹೀರುತ್ತದೆ: ಬೀದಿ ತುಂಬ ಹೊಗೆ, ಪ್ಲಗ್ ಒದ್ದೆ, ಗೇರ್ ಬಾಕ್ಸಿನಲ್ಲಿ ಎಣ್ಣೆ ಮಾಯ. ಬಲಗಡೆ ಡೈನಮೋ ಪಕ್ಕದ್ದು ಹೋದರೆ ಹೊಗೆಯೇ ಇರುವುದಿಲ್ಲ. ಅಲ್ಲಿಂದ ಬರೀ ಗಾಳಿ ಒಳನುಗ್ಗಿ, ಎಕ್ಸಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ. ಐಡಲ್ ಸ್ಕ್ರೂ ಎಷ್ಟು ತಿರುಗಿಸಿದರೂ ದನಿ ತಗ್ಗದು. ಇವೆರಡರಲ್ಲಿ ಹೊಗೆಯಿಲ್ಲದ ಕಾಯಿಲೆಯೇ ಹೆಚ್ಚು ಅಪಾಯದ್ದು.

ಇದನ್ನು ಪತ್ತೆಹಚ್ಚಲು ಹವ್ಯಾಸಿಗಳು ಔಷಧಿ ಅಂಗಡಿಯ ಮೊರೆಹೋಗಿದ್ದಾರೆ. ಇನ್‌ಲೆಟ್ ಮತ್ತು ಎರಡೂ ಎಕ್ಸಾಸ್ಟ್ ದಾರಿಗಳನ್ನು ರಬ್ಬರ್ ಬಿರಡೆಯಿಂದ ಮುಚ್ಚಿ, ಪ್ಲಗ್ಗಿನ ತೂತಿನಿಂದ ಬಿ.ಪಿ. ನೋಡುವ ಉಪಕರಣದ ರಬ್ಬರ್ ಬುಗ್ಗೆಯಲ್ಲಿ ಗಾಳಿ ತುಂಬುತ್ತಾರೆ. ಆ ಮೀಟರಿನ ಗರಿಷ್ಠ 300 ಎಂದರೆ ಆರು ಪಿ.ಎಸ್.ಐ.ಗೆ ತುಸು ಕಡಿಮೆ. ಈ ಪರೀಕ್ಷೆಗೆ ಅಷ್ಟೇ ಬೇಕಾದದ್ದು. ಮುಳ್ಳು ನಿಂತಲ್ಲಿ ನಿಂತರೆ ಸರಿ. ಸರಸರನೆ ಇಳಿದರೆ ಸೋಪಿನ ನೀರು ಬಳಿದು ಗುಳ್ಳೆ ಎಲ್ಲೇಳುತ್ತದೆಂದು ಹುಡುಕಬೇಕು.

ಕಾರ್ಬೊರೇಟರ್ ಪೂರ್ತಿ ನಿರಪರಾಧಿಯೇನಲ್ಲ. ಗಾಡಿ ತಿಂಗಳುಗಟ್ಟಲೆ ನಿಂತರೆ ಪೆಟ್ರೋಲ್ ಆವಿಯಾಗಿ, ಬೆರೆಸಿದ ಎಣ್ಣೆ ಅಂಟಾಗಿ ಪೈಲಟ್ ಜೆಟ್ಟನ್ನು ಮುಚ್ಚುತ್ತದೆ. ಅದನ್ನು ತಂತಿಯಿಂದ ಚುಚ್ಚಿದರೆ ಹಿತ್ತಾಳೆಯ ತೂತು ದೊಡ್ಡದಾಗಿ ಜೆಟ್ಟೇ ಹಾಳಾಗುತ್ತದೆ, ಗಾಳಿ ಹೊಡೆಸಬೇಕು. ಈಗ ಬಂಕುಗಳಲ್ಲಿ ಸಿಗುವ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನದು ಬೇರೆ ತಕರಾರು. ಒಂದು ಪಾಲು ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಹಳೆಯ ಸೆಟಿಂಗಿನಲ್ಲೇ ಓಡಿಸಿದರೆ ಗಾಳಿ ಹೆಚ್ಚಾಗಿ ಎಂಜಿನ್ ಕಾಯುತ್ತದೆ. ನೀಡಲನ್ನು ಒಂದು ಕಚ್ಚು ಮೇಲೇರಿಸಿ, ಪ್ಲಗ್ಗಿನ ಬಣ್ಣ ನೋಡಿ, ಬೇಕಾದರೆ ಮೇನ್ ಜೆಟ್ ದೊಡ್ಡದು ಹಾಕುವುದು ದಾರಿ. ಎಥನಾಲ್ ತೇವ ಹೀರುವುದರಿಂದ ಟ್ಯಾಂಕಿನ ತುಕ್ಕಿನ ಮೇಲೂ ಹಳೆಯ ರಬ್ಬರ್ ಪೈಪಿನ ಮೇಲೂ ಕಣ್ಣಿಡಬೇಕು.

ಊರು ಬದಲಾದರೂ ಹದ ಬದಲಾಗುತ್ತದೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಅಲ್ಲಿಯ ಗಾಳಿ ಮಂಗಳೂರಿನದಕ್ಕಿಂತ ತೆಳು. ಬೆಂಗಳೂರಿನಲ್ಲಿ ಕಾಫಿ ಬಣ್ಣ ತೋರಿದ ಪ್ಲಗ್ ಕರಾವಳಿಯಲ್ಲಿ ಬಿಳಿಚಿಕೊಂಡರೆ ಆಶ್ಚರ್ಯವಿಲ್ಲ. ಅದಕ್ಕೂ ಮೊದಲು ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯಬೇಕಲ್ಲ. ಪಿಸ್ಟನ್ನಿಗೆ ಬೇಕಾದ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಎಕ್ಸಲರೇಟರ್ ಮುಚ್ಚಿ ಗೇರಿನಲ್ಲೇ ಮೈಲುಗಟ್ಟಲೆ ಇಳಿದರೆ ಎಂಜಿನ್ ವೇಗವಾಗಿ ತಿರುಗುತ್ತಲೇ ಇರುತ್ತದೆ, ಎಣ್ಣೆ ಮಾತ್ರ ಹನಿಹನಿ. ಅನುಭವಿ ಸವಾರರು ಇಳಿಜಾರಿನಲ್ಲಿ ಆಗಾಗ ಎಕ್ಸಲರೇಟರ್ ತಿರುಗಿಸುವುದು ಶೋಕಿಗಲ್ಲ. ಇದು ಗೊತ್ತಿಲ್ಲದವರ ಪಿಸ್ಟನ್ ಘಾಟಿಯ ನಡುವೆಯೇ ಹಿಡಿದುಕೊಂಡು ಹಿಂದಿನ ಚಕ್ರ ಬಿಗಿಯುತ್ತದೆ; ತಕ್ಷಣ ಕ್ಲಚ್ ಹಿಡಿಯದಿದ್ದರೆ ಬೀಳುವುದೇ. ಆರಲು ಬಿಟ್ಟ ಮೇಲೆ ಎಂಜಿನ್ ಮತ್ತೆ ತಿರುಗಿತೆಂದು ಹಾಗೇ ಓಡಿಸುತ್ತಾ ಹೋಗದೆ ಸಿಲಿಂಡರ್ ಬಿಚ್ಚಿ ನೋಡಬೇಕು. ಅಲ್ಯೂಮಿನಿಯಂ ತೆಳುವಾಗಿ ಮೆತ್ತಿದ್ದರೆ ಉಜ್ಜಿ ತೆಗೆಯಬಹುದು. ಗೀರು ಉಗುರಿಗೆ ಸಿಕ್ಕುವಷ್ಟು ಆಳವಾಗಿದ್ದರೆ ಬೋರ್ ಮಾಡಿಸಿ, ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಿಸಿ, ಮತ್ತೆ ಹೊಸ ಗಾಡಿಯಂತೆ ನಿಧಾನಕ್ಕೆ ಓಡಿಸಿ ಹದಕ್ಕೆ ತರಬೇಕು.