ಅಂಗಡಿಯವನು ಕೊಟ್ಟ ಎಣ್ಣೆ

ದೀಪಾವಳಿ ಮುಗಿದ ವಾರ. ಶಹಾಪುರದ ಬಜಾರಿನಲ್ಲಿ ಬೀಜ, ಗೊಬ್ಬರ, ಕೀಟನಾಶಕ ಮಾರುವ ಅಂಗಡಿಯೊಂದರ ಮುಂದೆ ರೈತನೊಬ್ಬ ನಿಂತಿದ್ದಾನೆ. ಕೈಯಲ್ಲಿ ಬೇರುಸಮೇತ ಕಿತ್ತು ತಂದ ತೊಗರಿ ಗಿಡ. ಹೂ ಬಿಡುವ ಹೊತ್ತಿಗೆ ಹೊಲದಲ್ಲಿ ಅಲ್ಲಲ್ಲಿ ಗಿಡಗಳು ನಿಂತಲ್ಲೇ ಬಾಡತೊಡಗಿವೆ.

“ತಮ್ಮಾ, ತೊಗರಿ ಒಣಗಲಕತ್ತದ. ಛಲೋದೊಂದು ಎಣ್ಣಿ ಕೊಡು” ಎನ್ನುತ್ತಾನೆ ರೈತ. ಬೆಳೆಗೆ ಸಿಂಪಡಿಸುವ ಔಷಧಿಗೆಲ್ಲ ಈ ಭಾಗದಲ್ಲಿ ಎಣ್ಣೆ ಎಂದೇ ಹೆಸರು. ಕೌಂಟರಿನ ಹುಡುಗ ಗಿಡದ ಕಡೆ ಒಮ್ಮೆ ನೋಡಿ, ಕಪಾಟಿನಿಂದ ಮೂರು ಬಾಟಲಿ ತೆಗೆದಿಡುತ್ತಾನೆ. ಒಂದು ಹುಳುವಿಗೆ, ಒಂದು ರೋಗಕ್ಕೆ, ಇನ್ನೊಂದು ಟಾನಿಕ್. “ಮೂರೂ ಕೂಡಿಸಿ ಹೊಡೀರಿ ಕಾಕಾ, ನಾಕು ದಿನದಾಗ ಹಸರ ಆಗ್ತದ.”

ಅದೇ ಸಾಲಿನ ಇನ್ನೊಂದು ಅಂಗಡಿಗೆ ಅದೇ ಗಿಡ ಹೋಗಿದ್ದರೆ ಬೇರೆಯೇ ಮಾತು ಕೇಳಿಬರುತ್ತಿತ್ತೇನೋ. ಅಲ್ಲಿಯ ಹಿರಿಯ ವ್ಯಾಪಾರಿ ಚಾಕುವಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿ, ಒಳಗಿನ ಕಪ್ಪು ಗೆರೆಗಳನ್ನು ತೋರಿಸಿ, “ಇದು ನೆಟೆ ರೋಗ ಯಜಮಾನ್ರೇ. ಇದಕ್ಕ ಮ್ಯಾಲಿಂದ ಹೊಡಿಯೋ ಎಣ್ಣಿ ಯಾವುದೂ ಇಲ್ಲ. ರೊಕ್ಕ ಹಾಳು ಮಾಡಬ್ಯಾಡ್ರಿ” ಎನ್ನುತ್ತಾನೆ. ರೈತ ಬರಿಗೈಲಿ ಹೋಗುತ್ತಾನೆ. ವ್ಯಾಪಾರಿಯ ಗಲ್ಲಾಪೆಟ್ಟಿಗೆಗೆ ಅಂದು ಏನೂ ಬೀಳುವುದಿಲ್ಲ.

ಯಾದಗಿರಿ, ಶಹಾಪುರ, ಸುರಪುರ ಯಾವ ಊರಿಗೆ ಹೋದರೂ ಈ ಎರಡೂ ಬಗೆಯ ಅಂಗಡಿಗಳು ಇರುತ್ತವೆ. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಅದೇ ಕಪಾಟು, ಅದೇ ಕಂಪನಿಗಳ ಕ್ಯಾಲೆಂಡರು.

ಎರಡನೆಯವನ ಮಾತಿನಲ್ಲಿ ವಿಜ್ಞಾನವಿದೆ. ನೆಟೆ ರೋಗಕ್ಕೆ ಕಾರಣ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ. ಅದು ಇರುವುದು ಎಲೆಯ ಮೇಲಲ್ಲ, ಮಣ್ಣಿನಲ್ಲಿ. ಬೇರಿನ ಮೂಲಕ ಒಳಹೊಕ್ಕು, ನೀರನ್ನು ಮೇಲಕ್ಕೆ ಒಯ್ಯುವ ನಾಳಗಳಲ್ಲಿ ಬೆಳೆದು ಅವನ್ನು ಕಟ್ಟಿಹಾಕುತ್ತದೆ. ನೆಲದಲ್ಲಿ ತೇವವಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಎಲೆಗೆ ಎಷ್ಟು ಎಣ್ಣೆ ಹೊಡೆದರೂ ಕಟ್ಟಿಹೋದ ನಾಳ ತೆರೆಯುವುದಿಲ್ಲ. ಇದಕ್ಕೆ ಪರಿಹಾರವಿರುವುದು ಬಿತ್ತುವ ಮೊದಲು: ರೋಗ ತಡೆಯುವ ತಳಿ, ಟ್ರೈಕೋಡರ್ಮಾದಿಂದ ಬೀಜೋಪಚಾರ, ಜೋಳದೊಂದಿಗೆ ಬೆಳೆ ಬದಲಾವಣೆ. ನೆಟೆ ತಡೆಯುವ ‘ಮಾರುತಿ’ ತಳಿ ಕರ್ನಾಟಕದ ರೈತರಿಗೆ ಬಿಡುಗಡೆಯಾದದ್ದು 1986ರಲ್ಲಿ. 2022ರ ಮುಂಗಾರಿನಲ್ಲಿ ಕಲಬುರಗಿ ಭಾಗದ ತೊಗರಿಯನ್ನು ನೆಟೆ ರೋಗ ಅಪಾರವಾಗಿ ಹಾಳುಮಾಡಿದಾಗಲೂ, ಒಣಗಿದ ಗಿಡವನ್ನು ಬದುಕಿಸುವ ಔಷಧಿ ಯಾರ ಕೈಯಲ್ಲೂ ಇರಲಿಲ್ಲ.

ಹುಡುಗನದು ಮೋಸವೆ, ಅಜ್ಞಾನವೆ?

ಮೂರು ಬಾಟಲಿ ಕೊಟ್ಟ ಹುಡುಗ ಸುಳ್ಳು ಹೇಳಿದನೆ? ಬಹುಶಃ ಇಲ್ಲ. ನೆಟೆ ರೋಗ ಎಂದರೇನೆಂದು ಅವನಿಗೆ ಗೊತ್ತಿಲ್ಲದಿರಬಹುದು. ಅವನು ಕಲಿತದ್ದು ಕಂಪನಿಯ ಪ್ರತಿನಿಧಿಯಿಂದ, ಕಲಿತ ಪಾಠ ಯಾವ ಬಾಟಲಿ ಬೇಗ ಖಾಲಿಯಾಗಬೇಕು ಎಂಬುದು. ಇನ್ನೊಬ್ಬನಿಗೆ ಎಲ್ಲ ಗೊತ್ತಿದ್ದೂ ಲಾಭ ಹೆಚ್ಚಿರುವ ಸರಕನ್ನೇ ಮುಂದೆ ತಳ್ಳಬಹುದು. ಮೊದಲನೆಯದು ಅಜ್ಞಾನ, ಎರಡನೆಯದು ಅಪ್ರಾಮಾಣಿಕತೆ. ರೈತನ ಹೊಲದಲ್ಲಿ ಎರಡರ ಫಲವೂ ಒಂದೇ.

ರೈತನ ಪಾಲೂ ಇದರಲ್ಲಿ ಇಲ್ಲದಿಲ್ಲ. “ಔಷಧಿ ಇಲ್ಲ” ಎಂದ ಅಂಗಡಿಯಿಂದ ಎದ್ದು, “ಇದೆ” ಎನ್ನುವ ಅಂಗಡಿಗೆ ಹೋಗುವವರೇ ಹೆಚ್ಚು. ಜೊತೆಗೆ ಉದ್ರಿಯ ಗಂಟು. ಬಿತ್ತನೆಯ ಕಾಲದಲ್ಲಿ ಬೀಜ, ಗೊಬ್ಬರ ಉದ್ರಿ ತಂದವನು ಸುಗ್ಗಿಯವರೆಗೆ ಅದೇ ಅಂಗಡಿಗೆ ಕಟ್ಟುಬಿದ್ದಿರುತ್ತಾನೆ. ಸಾಲ ಕೊಟ್ಟ ಸಾವ್ಕಾರನಿಗೆ “ಇದು ಯಾಕ್ರಿ?” ಎಂದು ಕೇಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಅರ್ಥಶಾಸ್ತ್ರಜ್ಞರು ಇಂಥ ವ್ಯವಹಾರವನ್ನು ಬಹಳ ಹಿಂದೆಯೇ ಗಮನಿಸಿದ್ದಾರೆ. ಮಾರುವವನಿಗೆ ಗೊತ್ತಿರುವ ಸಂಗತಿ ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕಳಪೆ ಸರಕು ಒಳ್ಳೆಯ ಸರಕನ್ನು ಮಾರುಕಟ್ಟೆಯಿಂದಲೇ ಹೊರದೂಡುತ್ತದೆ ಎಂದು ಅಮೆರಿಕದ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದರು. ಅವರು ತೆಗೆದುಕೊಂಡ ಉದಾಹರಣೆ ಹಳೆಯ ಮೋಟಾರು ಕಾರುಗಳದು. ಮಾಹಿತಿ ಒಂದೇ ಕಡೆ ಇರುವ ಮಾರುಕಟ್ಟೆಗಳ ಕುರಿತ ಕೆಲಸಕ್ಕಾಗಿ 2001ರಲ್ಲಿ ಅವರಿಗೆ ಇತರ ಇಬ್ಬರೊಂದಿಗೆ ನೊಬೆಲ್ ಪುರಸ್ಕಾರ ಬಂತು.

ಸರಕುಗಳಲ್ಲಿ ಮೂರು ಬಗೆ. ಬದನೆಕಾಯಿಯನ್ನು ನೋಡಿಯೇ ಕೊಳ್ಳಬಹುದು. ಮಾವಿನ ಹಣ್ಣಿನ ರುಚಿ ತಿಂದಮೇಲೆ ತಿಳಿಯುತ್ತದೆ. ದೊಡ್ಡ ನಗರಗಳಲ್ಲಿ ದುಬಾರಿ ಕಾಫಿ, ಬಿಯರ್ ಮಾರುವ ಅಂಗಡಿಯ ಸಹಾಯಕ ತಪ್ಪು ಸಲಹೆ ಕೊಟ್ಟರೆ ಕೆಡುವುದು ಗಿರಾಕಿಯ ಒಂದು ಸಂಜೆ. ಮರುದಿನ ಅವನು ಬೇರೆ ಅಂಗಡಿಗೆ ಹೋಗುತ್ತಾನೆ. ಮೂರನೆಯ ಬಗೆಯದು ಬಳಸಿದ ಮೇಲೂ ತಿಳಿಯುವುದಿಲ್ಲ. ಕೀಟನಾಶಕ ಈ ಗುಂಪಿನದು. ಎಣ್ಣೆ ಹೊಡೆದ ಮೇಲೆ ಹುಳು ಕಡಿಮೆಯಾದರೆ ಅದು ಎಣ್ಣೆಯಿಂದಲೋ, ಮಳೆಯಿಂದಲೋ, ಹುಳುವಿನ ಆಯುಷ್ಯವೇ ಮುಗಿದದ್ದರಿಂದಲೋ? ಹೇಳುವುದು ಕಷ್ಟ. ಆದ್ದರಿಂದಲೇ ಇಲ್ಲಿ ಅಂಗಡಿಯವನ ಮಾತಿಗೆ ಅಷ್ಟೊಂದು ತೂಕ.

ಯಾರನ್ನು ಕೇಳುತ್ತಾರೆ?

2003ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ದೇಶದ ರೈತ ಕುಟುಂಬಗಳನ್ನು ಹೊಸ ಬೇಸಾಯದ ತಿಳಿವಳಿಕೆ ಎಲ್ಲಿಂದ ಬರುತ್ತದೆ ಎಂದು ಕೇಳಿದ್ದರು. ಯಾವುದಾದರೂ ಒಂದು ಮೂಲದಿಂದ ಮಾಹಿತಿ ಪಡೆದವರು ನೂರಕ್ಕೆ 40 ಮಾತ್ರ. ಪ್ರಗತಿಪರ ರೈತರಿಂದ ತಿಳಿದವರು ಶೇ 16.7, ಬೀಜ-ಗೊಬ್ಬರದ ವ್ಯಾಪಾರಿಯಿಂದ ಶೇ 13.1, ರೇಡಿಯೋದಿಂದ ಶೇ 13. ಸರ್ಕಾರದ ವಿಸ್ತರಣಾ ಕಾರ್ಯಕರ್ತನಿಂದ ತಿಳಿದವರು ಶೇ 5.7 ಅಷ್ಟೇ. ಎಂದರೆ ಅಂಗಡಿಯವನು ಬರೀ ಮಾರುವವನಲ್ಲ, ಸಂಬಳವಿಲ್ಲದ ಮೇಷ್ಟ್ರು ಕೂಡ.

ಹಾಗಿದ್ದರೆ ಮೇಷ್ಟ್ರಿಗೂ ಪಾಠ ಬೇಡವೆ? ಹೈದರಾಬಾದಿನ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ ‘ಮ್ಯಾನೇಜ್’ 2003ರಲ್ಲಿ ಇಂಥ ವ್ಯಾಪಾರಿಗಳಿಗೆಂದೇ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ವಾರಕ್ಕೊಂದು ದಿನದಂತೆ 48 ವಾರ. 40 ದಿನ ತರಗತಿ, 8 ದಿನ ಹೊಲದ ಭೇಟಿ. 2015ರಲ್ಲಿ ಕೇಂದ್ರ ಸರ್ಕಾರ ಕೀಟನಾಶಕ ನಿಯಮಗಳನ್ನು ತಿದ್ದಿ, ಮಾರಾಟದ ಪರವಾನಗಿಗೆ ಕೃಷಿ ಅಥವಾ ವಿಜ್ಞಾನದ ಓದು ಬೇಕೆಂದು ವಿಧಿಸಿತು. ಹಳೆಯ ಅಂಗಡಿಗಳಿಗೆ ಕಾಲಾವಕಾಶ ಕೊಟ್ಟು, ಮುಂದೆ ಅದನ್ನು ವಿಸ್ತರಿಸಲಾಯಿತು. ಆದರೆ ಪ್ರಮಾಣಪತ್ರ ಗೋಡೆಯ ಮೇಲೆ ತೂಗುತ್ತಿದ್ದು, ಕೌಂಟರಿನಲ್ಲಿ ಬೇರೊಬ್ಬ ನಿಂತಿದ್ದರೆ ಓದಿನ ಫಲ ರೈತನಿಗೆ ಸಿಗುವುದಿಲ್ಲ.

ನಾರಾಯಣಪುರ ಅಣೆಕಟ್ಟಿನ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರ ಸೀಮೆಯಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಹೆಚ್ಚಿದವು. ಜೊತೆಗೆ ಇಂಥ ಅಂಗಡಿಗಳೂ ಹೆಚ್ಚಿದವು. 2021ರ ಕೊನೆಯಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿ ಹೊಲಗಳಿಗೆ ಕಪ್ಪು ಥ್ರಿಪ್ಸ್ ನುಸಿ ಮುತ್ತಿತು. ಹೊರದೇಶದಿಂದ ಬಂದ ಈ ಕೀಟ ಹೂವಿನೊಳಗೆ ಅಡಗುತ್ತದೆ. ರೈತರು ಒಂದರ ಮೇಲೊಂದು ಔಷಧಿ ಹೊಡೆದರೂ ಬಹಳ ಕಡೆ ನುಸಿ ಜಗ್ಗಲಿಲ್ಲ. “ಇದು ಹೊಸ ಹುಳು, ಇದಕ್ಕೆ ಯಾವುದು ನಾಟುತ್ತದೋ ನನಗೂ ಗೊತ್ತಿಲ್ಲ” ಎಂಬ ಉತ್ತರವೇ ಆಗ ಪ್ರಾಮಾಣಿಕ ಉತ್ತರವಾಗಿತ್ತು. ಆ ಉತ್ತರಕ್ಕೆ ಬೆಲೆ ಕಟ್ಟಿದ್ದರೆ ಎಷ್ಟೋ ಸಾಲ ಉಳಿಯುತ್ತಿತ್ತು.

ಡಬ್ಬಿಯ ಮೇಲಿನ ಪಾಠ

ಹಾನಿ ರೊಕ್ಕಕ್ಕೆ ಮಾತ್ರವಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ರೈತರು ಮತ್ತು ಕೂಲಿಗಳು ವಿಷವೇರಿ ಸತ್ತರು. 2013ರ ಜುಲೈನಲ್ಲಿ ಬಿಹಾರದ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಮೋನೊಕ್ರೊಟೊಫಾಸ್ ಎಂಬ ಕೀಟನಾಶಕ ಬೆರೆತಿತ್ತು. ಬೆಳೆಯ ಎಣ್ಣೆಗೂ ಊಟದ ಎಣ್ಣೆಗೂ ಒಂದೇ ಹೆಸರಿರುವ ಸೀಮೆಯಲ್ಲಿ, ಖಾಲಿ ಡಬ್ಬಿಯನ್ನು ತೊಳೆದು ನೀರು ತುಂಬುವ ಮನೆಗಳಲ್ಲಿ, ಈ ಸುದ್ದಿ ಮರೆಯುವಂಥದ್ದಲ್ಲ.

ಅಂಗಡಿಯವನು ಹೇಳದಿದ್ದರೂ ಡಬ್ಬಿ ಕೆಲವನ್ನು ಹೇಳುತ್ತದೆ. ಅದರ ಮೇಲೊಂದು ವಜ್ರಾಕಾರದ ಗುರುತಿರುತ್ತದೆ. ಅದರ ಕೆಳಗಿನ ತ್ರಿಕೋನದ ಬಣ್ಣ ವಿಷದ ಮಟ್ಟ ತಿಳಿಸುತ್ತದೆ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು, ಅವುಗಳ ತೂಕದ ಪ್ರತಿ ಕಿಲೋಗೆ ಎಷ್ಟು ಮಿಲಿಗ್ರಾಂ ವಿಷ ಹೊಟ್ಟೆಗೆ ಹೋಗಬೇಕು ಎಂಬುದು ಇಲ್ಲಿಯ ಅಳತೆ. 1ರಿಂದ 50 ಮಿಲಿಗ್ರಾಂ ಸಾಕಾದರೆ ಕೆಂಪು, 51ರಿಂದ 500 ಹಳದಿ, 501ರಿಂದ 5,000 ನೀಲಿ, ಅದಕ್ಕೂ ಹೆಚ್ಚಾದರೆ ಹಸಿರು. ಅಂಕಿ ಚಿಕ್ಕದಾದಷ್ಟೂ ವಿಷ ಘೋರ. “ಕೆಂಪು ಗುರ್ತಿಂದು ಅದ, ಭಾಳ ಪವರ್” ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುವುದುಂಟು. ಅದು ತಪ್ಪು. ಬಣ್ಣ ತೋರಿಸುವುದು ಮನುಷ್ಯನಿಗಿರುವ ಅಪಾಯವನ್ನು, ಹುಳುವಿನ ಮೇಲಿನ ಬಲವನ್ನಲ್ಲ.

ದೊಡ್ಡಕ್ಷರದ ಹೆಸರು ಕಂಪನಿ ಇಟ್ಟದ್ದು. ಚಿಕ್ಕಕ್ಷರದಲ್ಲಿ ಶೇಕಡಾ ಪ್ರಮಾಣದೊಂದಿಗೆ ಇರುವುದು ನಿಜವಾದ ರಾಸಾಯನಿಕದ ಹೆಸರು. ಬೇರೆ ಬೇರೆ ಹೆಸರಿನ ಎರಡು ಬಾಟಲಿಗಳಲ್ಲಿ ಒಂದೇ ರಾಸಾಯನಿಕ ಇರಬಹುದು. ಎರಡನ್ನೂ ಕೂಡಿಸಿ ಹೊಡೆದರೆ ಅದು ಎರಡು ಔಷಧಿಯಲ್ಲ, ಒಂದರದೇ ಇಮ್ಮಡಿ ಪ್ರಮಾಣ. ಇದನ್ನು ಪತ್ತೆಮಾಡಲು ಕೃಷಿ ಪದವಿ ಬೇಕಿಲ್ಲ. ಎಂಟನೆಯ ತರಗತಿಯ ಹುಡುಗಿ ಅಪ್ಪನ ಜೊತೆ ಅಂಗಡಿಗೆ ಹೋದರೆ ಸಾಕು. ಅವಳು ಓದಬೇಕಾದದ್ದು ಐದು: ರಾಸಾಯನಿಕದ ಹೆಸರು, ಬಣ್ಣ, ಬ್ಯಾಚ್ ನಂಬರು, ಅವಧಿ ಮುಗಿಯುವ ದಿನ, ಮತ್ತು ಒಳಗಿನ ಚೀಟಿಯಲ್ಲಿ ಆ ಬೆಳೆಯ ಹೆಸರು ಇದೆಯೇ ಎಂಬುದು.

ಆರನೆಯದು ಬಿಲ್ಲು. ಬಿಲ್ಲಿಲ್ಲದೆ ಕೀಟನಾಶಕ ಮಾರುವಂತಿಲ್ಲ. ಬೀಜ ಕೊಂಡ ರೈತನೂ ಗ್ರಾಹಕನೇ, ಬೀಜ ಕೆಟ್ಟದ್ದಾದರೆ ಅವನು ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು ಎಂದು ಸುಪ್ರೀಂ ಕೋರ್ಟು 2012ರಲ್ಲಿ ತೀರ್ಪಿತ್ತಿತು. ಬಿಲ್ಲು ಕೈಯಲ್ಲಿಲ್ಲದವನಿಗೆ ಆ ತೀರ್ಪಿನಿಂದ ಪ್ರಯೋಜನ ಕಡಿಮೆ.

ಹೊಡೆಯದೆ ಬಿಟ್ಟ ನಾಲ್ಕು ಸಾಲು

ಅಂಗಡಿಯವನ ಮಾತು ನಿಜವೆ ಎಂದು ತಿಳಿಯಲು ಒಂದು ಹಳೆಯ ಉಪಾಯವಿದೆ. ಶಾಲೆಯ ಪ್ರಯೋಗಗಳಲ್ಲಿ ಮಕ್ಕಳು ಅದನ್ನು ಕಲಿತಿರುತ್ತಾರೆ. ಎರಡು ಕುಂಡಗಳನ್ನು ಇಟ್ಟು ಒಂದಕ್ಕೆ ಬಿಸಿಲು, ಇನ್ನೊಂದಕ್ಕೆ ನೆರಳು, ಉಳಿದದ್ದೆಲ್ಲ ಸಮ. ಹೊಲದಲ್ಲಿಯೂ ಹಾಗೆಯೇ. ಅಂಗಡಿಯವನು ಟಾನಿಕ್ ಕೊಟ್ಟರೆ ಎಲ್ಲ ಹೊಲಕ್ಕೂ ಹೊಡೆದು ನಾಲ್ಕು ಸಾಲು ಮಾತ್ರ ಬಿಡುವುದು. ಎರಡು ತುದಿಗೂ ಕಟ್ಟಿಗೆ ನೆಡುವುದು. ಹತ್ತು ದಿನಕ್ಕೊಮ್ಮೆ ಎರಡೂ ಕಡೆ ಇಪ್ಪತ್ತಿಪ್ಪತ್ತು ಗಿಡಗಳ ಹೂ, ಕಾಯಿ ಎಣಿಸಿ ನೋಟುಬುಕ್ಕಿನಲ್ಲಿ ಬರೆದಿಡುವುದು. ಸುಗ್ಗಿಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣದಿದ್ದರೆ ಮುಂದಿನ ವರ್ಷ ಆ ಬಾಟಲಿಗೆ ರೊಕ್ಕ ಹಾಕುವ ಮೊದಲು ಅಪ್ಪ ಎರಡು ಸಲ ಯೋಚಿಸುತ್ತಾನೆ. ವ್ಯತ್ಯಾಸ ಕಂಡರೆ ಅಂಗಡಿಯವನ ಮಾತಿಗೆ ಬಲ ಬಂದಂತೆ. ಒಂದೇ ವರ್ಷದ ಎಣಿಕೆ ಅಂತಿಮವಲ್ಲ, ಆದರೆ ಬರೀ ನಂಬಿಕೆಗಿಂತ ಅದು ಗಟ್ಟಿ.

ಈ ಪ್ರಯೋಗಕ್ಕೆ ಒಳ್ಳೆಯ ವ್ಯಾಪಾರಿ ಹೆದರುವುದಿಲ್ಲ. “ನಾಕು ಸಾಲು ಬಿಟ್ಟು ನೋಡ್ರಿ” ಎಂದು ತಾನಾಗಿಯೇ ಹೇಳುವವನ ಅಂಗಡಿಯನ್ನು ಗುರುತಿಟ್ಟುಕೊಳ್ಳಬೇಕು. ಅನುಮಾನವಿದ್ದಾಗ ಗಿಡವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ, ಸುರಪುರ ತಾಲ್ಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ಭೀಮರಾಯನಗುಡಿಯ ಕೃಷಿ ಕಾಲೇಜಿಗೋ ಒಯ್ದು ತೋರಿಸಬಹುದು. ಅಲ್ಲಿ ಯಾರೂ ಬಾಟಲಿ ಮಾರಿ ಬದುಕುವುದಿಲ್ಲ.

ಈ ಜಿಲ್ಲೆಯ ಶಾಲೆಗಳಲ್ಲಿ ಇಂದು ಕೂತಿರುವ ಮಕ್ಕಳಲ್ಲಿ ಕೆಲವರು ನಾಳೆ ಅದೇ ಕೌಂಟರಿನ ಹಿಂದೆ ನಿಲ್ಲುತ್ತಾರೆ. ಅದು ಸಣ್ಣ ಕೆಲಸವಲ್ಲ. ಡಾಕ್ಟರಾಗದಿದ್ದರೆ, ಎಂಜಿನಿಯರಾಗದಿದ್ದರೆ ಓದು ವ್ಯರ್ಥವೆಂದು ಕೊರಗುವ ತಂದೆತಾಯಿಗಳು ಒಮ್ಮೆ ಆ ಕೌಂಟರಿನ ಮುಂದೆ ನಿಂತು ನೋಡಬೇಕು. ಕಾಂಡ ಸೀಳಿ ನೋಡುವಷ್ಟು ವಿಜ್ಞಾನ, “ಇದಕ್ಕ ಔಷಧ ಇಲ್ರಿ” ಎನ್ನುವಷ್ಟು ನಿಯತ್ತು, ಎರಡೂ ಇರುವ ಒಬ್ಬ ಹುಡುಗ ಅಲ್ಲಿದ್ದರೆ ಸುತ್ತಲ ಹತ್ತು ಹಳ್ಳಿಯ ಹೊಲಗಳಿಗೆ ಅದರಿಂದ ಉಪಕಾರವಾಗುತ್ತದೆ. ಬರಿಗೈಲಿ ಹೋದ ರೈತ ಮುಂದಿನ ಮುಂಗಾರಿಗೆ ಬೀಜ ಕೊಳ್ಳಲು ಅದೇ ಅಂಗಡಿಯನ್ನು ಹುಡುಕಿಕೊಂಡು ಬಂದರೂ ಬಂದಾನು.